ಎರಡು ಬಡಿತಕ್ಕೆ ಬಂದ ನಾಯಿ

ಗುಜರಿ ಅಂಗಳದಲ್ಲಿ ಗ್ಯಾಸಿನ ಬೆಂಕಿಯಿಂದ ಕಬ್ಬಿಣ ಕೊಯ್ಯುತ್ತಿದ್ದವನನ್ನು ಎಲ್ಲರೂ ಕಟರಣ್ಣ ಎನ್ನುತ್ತಿದ್ದರು. ಲಾರಿಯ ಅಚ್ಚನ್ನೂ ಬೆಣ್ಣೆಯಂತೆ ಕೊಯ್ಯುವ ಕೈ ಅವನದು. ಮದುವೆಯಾಗಲಿಲ್ಲ. ಗಂಡ ಸತ್ತ ಅಕ್ಕನ ಮನೆಯ ಮುಂಗೋಣೆಯಲ್ಲೇ ಇಪ್ಪತ್ತು ವರ್ಷ ಕಳೆದ.

ಅಂಗಳ ಕಾಯಲು ರಾಜ ಎಂಬ ನಾಯಿಯಿತ್ತು. ಹೆಸರು ರಾಜನದು, ಬಾಳು ಕೈದಿಯದು. ಯಜಮಾನರ ಬಾಮೈದ ಅಲ್ಲಿನ ಮೇಸ್ತ್ರಿ. ನಾಯಿ ತಪ್ಪು ಮಾಡಿದಾಗಲೆಲ್ಲ ಅವನು "ರಾಜಾ, ಬಾರೋ" ಎಂದು ಮುದ್ದಾಗಿ ಕರೆಯುತ್ತಿದ್ದ. ನಂಬಿ ಬಂದರೆ ಸರಪಳಿಯಲ್ಲಿ ಬಾರಿಸುತ್ತಿದ್ದ. ಮೂರು ವರ್ಷದಲ್ಲಿ ನಾಯಿ ಪಾಠವನ್ನು ಚೆನ್ನಾಗಿಯೇ ಕಲಿಯಿತು: ಬಾ ಎಂದರೆ ಓಡಬೇಕು, ಓಡಲು ದಾರಿಯಿಲ್ಲದಿದ್ದರೆ ಕಚ್ಚಬೇಕು.

ಒಂದು ಮಧ್ಯಾಹ್ನ ಅದು ಲಾರಿ ಡ್ರೈವರನ ಮೀನಖಂಡಕ್ಕೆ ಬಾಯಿ ಹಾಕಿತು. ಬಾಮೈದ "ಬಾ, ಬಾ" ಎಂದು ಕೂಗಿದಷ್ಟೂ ಹಲ್ಲು ಆಳಕ್ಕಿಳಿಯಿತು. ಮಾಂಸ ಕಿತ್ತು ಬಂದ ಮೇಲೆಯೇ ಬಿಟ್ಟಿತು.

"ಹಾರೆ ತಗೊಂಡು ತಲೆ ಒಡೀರಿ ಅದರದ್ದು," ಎಂದರು ಯಜಮಾನರು.

ಕಟರಣ್ಣ ಕನ್ನಡಕ ಹಣೆಗೇರಿಸಿ ಎದ್ದು ಬಂದ. "ಹತ್ತು ದಿನ ಕೊಡಿ ಯಜಮಾನ್ರೆ. ಕರೆದ್ರೆ ಬರೋ ಹಾಗೆ ಮಾಡ್ತೀನಿ."

ಬಾಮೈದ ನಕ್ಕ. "ನೀನು ಕರೆದ್ರೆ ಒಂದು ಹೆಣ್ಣೂ ಬರ್ಲಿಲ್ಲ, ನಾಯಿ ಬರುತ್ತಾ?"

"ಹೆಣ್ಣುಮಕ್ಕಳಿಗೆ ಬುದ್ಧಿ ಇರುತ್ತೆ ಸ್ವಾಮಿ."

ಎಲ್ಲರೂ ಗೊಳ್ಳೆಂದರು. ಬಾಮೈದನ ಮುಖ ಕಪ್ಪಿಟ್ಟಿತು. ಯಜಮಾನರು ತೀರ್ಪು ಕೊಟ್ಟರು: "ಹನ್ನೊಂದನೇ ದಿನ ನನ್ನ ಬಾಮೈದನೇ ಗೋಣಿ ಸುತ್ತಿದ ಕೈ ಒಡ್ತಾನೆ. ಕಚ್ಚಿ ಹಿಡಿದಾಗ ನೀನು ಕರಿ. ಬಿಟ್ಟು ಬಂದ್ರೆ ಬದುಕುತ್ತೆ. ಇಲ್ಲಾಂದ್ರೆ ಅಲ್ಲೇ ಮುಗೀತು."

ಕೆಟ್ಟುಹೋದ ಕರೆಯನ್ನು ರಿಪೇರಿ ಮಾಡಲಾಗದು ಎಂದು ಕಟರಣ್ಣನಿಗೆ ಗೊತ್ತಿತ್ತು. ರಾಜ ಎಂಬ ಹೆಸರನ್ನೂ ಬಾ ಎಂಬ ಮಾತನ್ನೂ ಬಿಟ್ಟ. ಖಾಲಿ ಸಿಲಿಂಡರಿನ ಮೇಲೆ ಸ್ಪ್ಯಾನರಿನಿಂದ ಎರಡು ಸಲ ಬಡಿದು, ಬೇಯಿಸಿದ ಕುರಿಯ ಈಲಿಯ ಚೂರು ಎಸೆದ. ಮೊದಲು ಮೂರು ಮಾರು ದೂರದಿಂದ, ಆಮೇಲೆ ಹತ್ತು, ಆಮೇಲೆ ಉದ್ದ ಹಗ್ಗ ಕಟ್ಟಿ ಅಂಗಳದ ಆ ತುದಿಯಿಂದ. ಬಂದ ನಾಯಿಯನ್ನು ಕಟ್ಟಿಹಾಕುತ್ತಿರಲಿಲ್ಲ, ತಿನ್ನಿಸಿ ಮತ್ತೆ ಆಡಲು ಬಿಡುತ್ತಿದ್ದ. ಬರಲಾರದು ಎನ್ನಿಸಿದಾಗ ಬಡಿಯುತ್ತಲೇ ಇರಲಿಲ್ಲ.

ಮೂರನೆಯ ದಿನ ಕೊರಳಪಟ್ಟಿ ಮುಟ್ಟಲು ಹೋದಾಗ ಅದು ಅವನ ಎಡ ಅಂಗೈಯನ್ನು ಹಲ್ಲು ಆಚೆ ತೂರುವಂತೆ ಕಚ್ಚಿತು. ರಕ್ತ ಸುರಿಯುತ್ತಿದ್ದಂತೆಯೇ ಅವನು ಬಲಗೈಯಿಂದ ಎರಡು ಸಲ ಬಡಿದ. ನಾಯಿ ಹೊಟ್ಟೆ ನೆಲಕ್ಕೊತ್ತಿ ತೆವಳಿ ಬಂತು. ಏಟಿಗೆ ಕಣ್ಣು ಮುಚ್ಚಿ ಕಾಯಿತು. ಬಿದ್ದದ್ದು ಈಲಿ.

"ಕೈ ತಿಂದ ನಾಯಿಗೆ ಮತ್ತೆ ಮಾಂಸ ಹಾಕಿದ್ಯಾ? ನಿನ್ನ ತಲೇಲಿ ಮಣ್ಣಿದೆಯೇನೋ?" ಎಂದು ಅಕ್ಕ ಗಾಯ ತೊಳೆಯುತ್ತ ಬೈದಳು.

"ಕಚ್ಚಿದ್ದು ಬೇರೆ ಲೆಕ್ಕ ಅಕ್ಕ. ಕರೆದೆ, ಬಂತು. ಬಂದೋರಿಗೆ ಹೊಡೀಬಾರದು."

ಹನ್ನೊಂದನೆಯ ಬೆಳಿಗ್ಗೆ ಎಲ್ಲರೂ ಕೆಲಸ ನಿಲ್ಲಿಸಿ ಸುತ್ತ ನಿಂತರು. ಬಾಮೈದ ಬಲಗೈಗೆ ಗೋಣಿ ಸುತ್ತಿ ಬಂದ. ಗೋಣಿಯೊಳಗೆ ಮೊಳದುದ್ದದ ಸರಳು ಅಡಗಿಸಿಟ್ಟಿದ್ದು ಯಾರಿಗೂ ಕಾಣಲಿಲ್ಲ. ನಾಯಿ ಹತ್ತಿರ ಬಂದದ್ದೇ ತಡ, ಅದರ ಕಿವಿಯ ಮೇಲೆ ಬೀಸಿದ. ಕಿವಿ ಹರಿದು ಜೋತಾಡಿತು. ನಾಯಿ ಗೋಣಿಯನ್ನು ಬಿಟ್ಟು, ಹಾರಿ, ಭುಜದ ಬರಿ ಮಾಂಸಕ್ಕೇ ಹಲ್ಲಿಟ್ಟಿತು. ಇಬ್ಬರೂ ನೆಲಕ್ಕುರುಳಿದರು. ಬಾಮೈದನ ಅರಚಾಟಕ್ಕೆ ಜನ ಹಿಂದೆ ಸರಿದರು.

ಕಟರಣ್ಣ ಎರಡು ಸಲ ಬಡಿದ.

ನಾಯಿ ಬಾಯಿ ಬಿಟ್ಟಿತು. ಮೂತಿಯೆಲ್ಲ ರಕ್ತ ಮಾಡಿಕೊಂಡು, ಹರಿದ ಕಿವಿ ಅಲ್ಲಾಡಿಸುತ್ತ ಓಡಿ ಬಂದು ಅವನ ಮುಂದೆ ಕುಳಿತಿತು. ಯಾರೋ ಶಿಳ್ಳೆ ಹಾಕಿದರು. ಆ ಶಿಳ್ಳೆಗೇ ಇರಬೇಕು, ಬಾಮೈದ ಸರಳು ಹಿಡಿದು ಎದ್ದು ನುಗ್ಗಿದ. ಬೇರೆ ಯಾರಾದರೂ ಆಗಿದ್ದರೆ ನಾಯಿಯನ್ನು ಓಡಿಸುತ್ತಿದ್ದರು. ಕರೆದು ಕೂರಿಸಿದ ನಾಯಿಯನ್ನು ಓಡಿಸಲು ಕಟರಣ್ಣನಿಗೆ ಮನಸ್ಸು ಬರಲಿಲ್ಲ. ಬಗ್ಗಿ ಅದಕ್ಕೆ ಅಡ್ಡವಾದ. ಸರಳು ಅವನ ಕಿವಿಯ ಹಿಂದೆ, ತಲೆಬುರುಡೆ ತೆಳುವಾಗಿರುವಲ್ಲಿ ಬಿತ್ತು. ಮಂಡಿಯೂರಿ ಕುಸಿದವನು ಮೊದಲು ಮಾಡಿದ್ದು ಮುಷ್ಟಿ ತೆರೆದದ್ದು. ನಾಯಿ ಈಲಿ ತಿಂದಿತು.

ನಾಲ್ಕನೆಯ ದಿನ ಆಸ್ಪತ್ರೆಯಲ್ಲಿ ಅವನ ಉಸಿರು ನಿಂತಿತು. ಬಾಮೈದ ಜೈಲಿಗೆ ಹೋದ. ಯಜಮಾನರಿಗೆ ನಾಯಿಯ ಮುಖ ನೋಡಲಾಗಲಿಲ್ಲ, ಕೊಟ್ಟ ಮಾತು ಮುರಿಯಲೂ ಆಗಲಿಲ್ಲ. ಆಳಿನ ಕೈಯಲ್ಲಿ ಅದನ್ನು ಅಕ್ಕನ ಮನೆಗೆ ಕಳಿಸಿದರು.

ಅಕ್ಕ ಎರಡು ದಿನ ಅದರ ಕಡೆ ತಿರುಗಿ ನೋಡಲಿಲ್ಲ. ಮೂರನೆಯ ಬೆಳಿಗ್ಗೆ ಹಿತ್ತಲಿನಲ್ಲಿ ಸೌದೆ ಸೀಳುವ ಕೊಡಲಿ ಎತ್ತಿಕೊಂಡಳು. ತಮ್ಮ ಹೇಳಿದ್ದ ಹಾಗೆ, ಅದರ ಹಿಂಬದಿಯಿಂದ ಬಕೆಟ್ಟಿಗೆ ಎರಡು ಸಲ ಬಡಿದಳು. ನಾಯಿ ಬೇಲಿಯ ಸಂದಿಯಿಂದ ಓಡಿ ಬಂದು, ಅವಳ ಪಾದದ ಬಳಿ ಕುಳಿತು, ಕತ್ತೆತ್ತಿ ನೋಡಿತು.

ಎತ್ತಿದ ಕೊಡಲಿ ಅವಳ ತಲೆಯ ಮೇಲೇ ನಿಂತಿತು.

"ಬರದೇ ಇದ್ದಿದ್ರೆ ಅಟ್ಟಿಸಿಕೊಂಡು ಬಂದು ಕೊಲ್ತಿದ್ದೆನಲ್ಲೋ ಮುಂಡೇದೆ," ಎಂದು ಕೂಗಿದಳು. "ಯಾಕೋ ಬಂದೆ? ಯಾಕೆ ಬಂದೆ?"

ಕೊಡಲಿಯನ್ನು ಸೌದೆಯ ರಾಶಿಗೆ ಎಸೆದು, ಅದಕ್ಕೆ ತಿನ್ನಲು ಏನಾದರೂ ತರಲು ಒಳಗೆ ಹೋದಳು.