ಬಲಕ್ಕೆ ಹೊರಳಿದರೆ ಸಾಯುವ ಗಾಡಿ

ಹಿಮಾಯತ್‌ನಗರದ ಕಣ್ಣಿನ ಡಾಕ್ಟರರಿಗೆ ತೋರಿಸಿಕೊಂಡು ಮೊಮ್ಮಗಳ ಹಿಂದೆ ಮೋಟರ್‌ಸೈಕಲ್ಲಿನ ಮೇಲೆ ಕೂತು ಮನೆಗೆ ಬರುತ್ತಿದ್ದೆ. ಒಂದು ಕಡೆ ಯೂ ಟರ್ನ್ ತೆಗೆದುಕೊಳ್ಳಲು ಅವಳು ಹ್ಯಾಂಡಲನ್ನು ಬಲಕ್ಕೆ ಪೂರಾ ತಿರುಗಿಸಿದಳು. ಅಲ್ಲೇ ಗಾಡಿ ಸತ್ತಿತು. ಕೆಮ್ಮಲಿಲ್ಲ, ಎಳೆಯಲಿಲ್ಲ. ಬುಡ್ಡಿ ದೀಪವನ್ನು ಯಾರೋ ಊದಿದಂತೆ ಒಮ್ಮೆಲೇ ಸದ್ದು ನಿಂತಿತು. ನಾವು ರಸ್ತೆಗೆ ಅಡ್ಡ ನಿಂತಿದ್ದೆವು, ಸಿಟಿ ಬಸ್ಸು ಬರುತ್ತಿತ್ತು.

ನಾನು ಸೀರೆಯವಳು, ಎರಡೂ ಕಾಲನ್ನು ಎಡಕ್ಕೇ ಇಳಿಬಿಟ್ಟು ಕೂತಿದ್ದೆ. ಬಸ್ಸು ಬಂದದ್ದೂ ಎಡದಿಂದಲೇ. ಅದರ ಮೋರೆ ನೇರ ನನ್ನ ಮೋರೆಗೆ. ಡ್ರೈವರ್ ಬ್ರೇಕ್ ಒತ್ತಿ ನಿಲ್ಲಿಸಿದಾಗ ಅದರ ಮೂತಿಯ ಬಿಸಿ ನನ್ನ ಪಾದಕ್ಕೆ ತಾಗುತ್ತಿತ್ತು. ದೇವರನ್ನು ನೆನೆದೆ ಅಂತ ಬರೆದರೆ ಸುಳ್ಳಾಗುತ್ತದೆ. ನಾಲಿಗೆಗೆ ಯಾವ ಹೆಸರೂ ಬರಲಿಲ್ಲ. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ತೆಲುಗಿನಲ್ಲಿ ಬೈದ. ಸಾಯುವ ಆಸೆ ಇದ್ದರೆ ಮುದುಕಿಯನ್ನು ಇಳಿಸಿ ಬಾ ಅಂದ. ಅವನದೇನೂ ತಪ್ಪಿಲ್ಲ.

ಗಾಡಿ ನನ್ನ ಮಗನದು. ಅವನಿಗೆ ಬೇರೆ ಊರಿನ ಕಾರ್ಖಾನೆಗೆ ವರ್ಗವಾಯಿತು, ರಜೆಗೆ ಬಂದು ಹೋಗುತ್ತಾನೆ. ನಾಚಾರಂನ ಮನೆಯಲ್ಲಿ ನಾನು, ಸೊಸೆ, ಮೊಮ್ಮಗಳು, ಮೂವರು ಹೆಂಗಸರು. ಗಾಡಿ ಈಗ ಮೊಮ್ಮಗಳದು. ಅದರ ಮೇಲೆಯೇ ದಿನಾ ಆಫೀಸಿಗೆ ಹೋಗುತ್ತಾಳೆ. ನಟ್ಟು ಬೋಲ್ಟು ಬಿಚ್ಚುವುದನ್ನು ಅವಳಪ್ಪ ಸಣ್ಣವಳಿದ್ದಾಗಲೇ ಕಲಿಸಿಬಿಟ್ಟಿದ್ದ.

ಇಬ್ಬರೂ ಗಾಡಿ ದೂಡಿಕೊಂಡು ರಸ್ತೆ ಬದಿಯ ಮೆಕ್ಯಾನಿಕ್ ಹತ್ತಿರ ಹೋದೆವು. ಅವನು ಸೀಟಿನ ಕೆಳಗಿನ ಮುಚ್ಚಳ ತೆಗೆದು ಫ್ಯೂಜ್ ಹೊರಗೆಳೆದ. ಬೆರಳುದ್ದವೂ ಇಲ್ಲದ ಗಾಜಿನ ಕೊಳವೆ, ಒಳಗೆ ಸುಟ್ಟು ಕರ್ರಗಾಗಿತ್ತು. ಅವನ ಹತ್ತಿರ ಹೊಸದು ಇರಲಿಲ್ಲ. ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಹರಿದು ಅದೇ ಫ್ಯೂಜಿಗೆ ಸುತ್ತಿ ತುರುಕಿದ. ಗಾಡಿ ಚಾಲೂ ಆಯಿತು.

"ಯಾಕ ಸುಟ್ಟತಿ ಅಂತ ಕೇಳು," ಅಂದೆ ಮೊಮ್ಮಗಳಿಗೆ.

ಅವಳು ಕೇಳಿದಳು. "ಟೆನ್ಷನ್ ನಕ್ಕೋ ಲೇವ್ ಅಮ್ಮಾ. ಪುರಾನೀ ಗಾಡಿ ಹೈ, ಹೋತಾ," ಅಂದ ಅವನು, ನನ್ನ ಕಡೆ ನೋಡಿ. ಹಳೆಯ ಗಾಡಿ, ಹೀಗಾಗುತ್ತದೆ, ಚಿಂತೆ ಬೇಡವಂತೆ.

ದಾರಿಯುದ್ದಕ್ಕೂ ಅವಳ ಸೊಂಟವನ್ನು ಬಿಡಲಿಲ್ಲ ನಾನು. ಪ್ರತಿ ತಿರುವಿನಲ್ಲೂ ಕಣ್ಣು ಮುಚ್ಚಿದೆ. ಮನೆ ಹತ್ತಿರ ಬಂದಾಗ ಅವಳು ಅಂದಳು, "ಆಯಿ, ಅವ್ವಗ ಹೇಳಬ್ಯಾಡ. ಹೇಳಿದಿ ಅಂದ್ರ ನಾಳಿಂದ ಗಾಡಿ ಬಂದ್."

"ನಿನ್ನ ಹೆಣ ತಂದು ಬಾಗಲಾಗ ಇಟ್ಟ ಮ್ಯಾಲ ಹೇಳ್ಲೇನು?"

"ಥೂ, ಎಂಥಾ ಬಾಯಿ ನಿಂದು."

"ಬಾಯಿ ಹಂಗ ಐತಿ. ಬಸ್ಸಿನ ಮುಂದ ಕುಂತಾಕಿ ನಾನು."

ನಮ್ಮ ಮನೆ ಮಹಡಿಯ ಮೇಲೆ. ಗಾಡಿ ನಿಲ್ಲಿಸುವುದು ಕೆಳಗೆ ಕಂಬಗಳ ನಡುವೆ, ಗೋಡೆಗೆ ಕೆಳಮನೆಯವರ ಗ್ಯಾಸ್ ಸಿಲಿಂಡರ್ ಒರಗಿರುತ್ತದೆ. ನನ್ನನ್ನು ಇಳಿಸಿ ಅವಳು ಗಾಡಿಯನ್ನು ಆ ಸಂದಿಗೆ ಹೊಗಿಸಲು ಹ್ಯಾಂಡಲ್ ಬಲಕ್ಕೆ ಪೂರಾ ತಿರುಗಿಸಿದಳು. ಮತ್ತೆ ಸದ್ದು ನಿಂತಿತು. ಈ ಸಲ ಪೆಟ್ರೋಲ್ ಟ್ಯಾಂಕಿನ ಕೆಳಗಿನಿಂದ ಬಿಳಿ ಹೊಗೆ ಬಂತು. ರಬ್ಬರ್ ಸುಟ್ಟ ನಾತ.

"ಇಳಿ," ಅಂದೆ. ಅವಳು ಸ್ಟ್ಯಾಂಡ್ ಹಾಕಿ ಹಾರಿದಳು, ಚಾವಿ ಕಿತ್ತಳು. ಚಾವಿ ಕಿತ್ತರೂ ಹೊಗೆ ನಿಲ್ಲಲಿಲ್ಲ. ಅವಳ ಮುಖ ಬಿಳುಪೇರಿದ್ದನ್ನು ನೋಡಿ ನಾನೂ ಹೆದರಿದೆ, ಯಾಕೆಂದರೆ ಗಾಡಿಯ ವಿಷಯ ತಿಳಿದವಳು ಅವಳೊಬ್ಬಳೇ. ಟ್ಯಾಂಕಿನ ತುಂಬ ಪೆಟ್ರೋಲ್, ಪಕ್ಕದಲ್ಲಿ ಸಿಲಿಂಡರ್. ನನಗೆ ತಿಳಿದದ್ದು ಒಂದೇ, ಈ ಗಾಡಿಯನ್ನು ಇಲ್ಲಿಂದ ಆಚೆ ತಳ್ಳಬೇಕು. ಹ್ಯಾಂಡಲ್ ಹಿಡಿದು ಇದ್ದಬದ್ದ ಬಲ ಹಾಕಿ ಜಗ್ಗಿದೆ. ಗಾಡಿ ಕದಲಲಿಲ್ಲ, ಹ್ಯಾಂಡಲ್ ಮಾತ್ರ ನೆಟ್ಟಗಾಯಿತು. ಹೊಗೆ ನಿಂತಿತು.

ಅವಳು ಸೀಟಿನ ಕೆಳಗಿನ ಮುಚ್ಚಳ ತೆಗೆದು ದುಪಟ್ಟಾದ ತುದಿಯಿಂದ ಆ ಬೆಳ್ಳಿ ಕಾಗದ ಸುತ್ತಿದ ಫ್ಯೂಜನ್ನು ಕಿತ್ತೆಸೆದಳು.

"ಏನು ಮಾಡಿದಿ ಆಯಿ?"

"ಜಗ್ಗಿದೆ."

"ಯಾವ ಕಡೆ?"

"ಈ ಕಡೆ. ಯಾವ ಕಡೆ ಅಂತ ನೋಡಾಕ ಪುರಸತ್ತಿತ್ತೇನು?"

ಅವಳು ಗಾಡಿಯನ್ನೇ ನೋಡುತ್ತ ನಿಂತಳು. ಆಮೇಲೆ ಮೆಲ್ಲಗೆ ಅಂದಳು, "ಅಲ್ಲೂ ಬಲಕ್ಕ ಹೊಳ್ಳಿಸಿದಾಗನ ಸತ್ತಿದ್ದು."

ಆ ರಾತ್ರಿ ಸೊಸೆಗೆ ನಾನು ಏನೂ ಹೇಳಲಿಲ್ಲ.

ಮರುದಿನ ಶನಿವಾರ, ಮೊಮ್ಮಗಳಿಗೆ ರಜೆ. ಸೊಸೆ ಸಂತೆಗೆ ಹೋದ ಮೇಲೆ ನಾವಿಬ್ಬರೂ ಕೆಳಗಿಳಿದೆವು. ಹಳೆಯ ಇಂಡಿಕೇಟರಿನ ಬಲ್ಬಿಗೆ ಎರಡು ತಂತಿ ಕಟ್ಟಿ ಅದನ್ನು ಫ್ಯೂಜ್ ಇರುವ ಜಾಗದಲ್ಲಿ ಸಿಕ್ಕಿಸಿದಳು. ಚಾವಿ ಹಾಕಲಿಲ್ಲ. ಚಾವಿ ಇಲ್ಲದೆ ಬಲ್ಬ್ ಉರಿದರೆ ಕರೆಂಟು ಎಲ್ಲೋ ಕಳ್ಳದಾರಿ ಹಿಡಿದಿದೆ ಅಂತ ಅರ್ಥ, ಅದೇ ಕಳ್ಳದಾರಿ ನಿನ್ನೆ ಮೊದಲು ಫ್ಯೂಜನ್ನೂ, ಬೆಳ್ಳಿ ಕಾಗದ ಸುಡದ್ದಕ್ಕೆ ಆಮೇಲೆ ತಂತಿಯನ್ನೂ ಸುಟ್ಟಿದ್ದು, ಅಂದಳು. ನನಗೆ ಸೀಟಿನ ಮೇಲೆ ಕೂತು ಹ್ಯಾಂಡಲ್ ತಿರುಗಿಸುವ ಕೆಲಸ.

"ನಾ ಕೂಡಂಗಿಲ್ಲ. ಮತ್ತ ಹೊಗೆ ಬಂದ್ರ?"

"ಬಲ್ಬ್ ನಡುವ ಐತಿ, ಬರಂಗಿಲ್ಲ. ನಂಬು."

ನಂಬಲಿಲ್ಲ, ಆದರೂ ಕೂತೆ. ಎಡಕ್ಕೆ ತಿರುಗಿಸಿದೆ. ಬಲ್ಬ್ ಸತ್ತಂತೆ ಇತ್ತು. ನೆಟ್ಟಗೆ ಮಾಡಿದೆ, ಏನಿಲ್ಲ. ಬಲಕ್ಕೆ ತಿರುಗಿಸುತ್ತ ಹೋದೆ. ಕೊನೆಯಲ್ಲಿ ಬಲ್ಬ್ ಭಗ್ಗನೆ ಉರಿಯಿತು. ನಾನು ಹ್ಯಾಂಡಲ್ ಬಿಟ್ಟೇಬಿಟ್ಟೆ.

ಅವಳು ನೆಲಕ್ಕೆ ಕೂತು ಹೆಡ್‌ಲೈಟಿನ ಹಿಂದೆ ಮೊಬೈಲಿನ ಬೆಳಕು ಬಿಟ್ಟಳು. ನಾನೂ ಬಗ್ಗಿ ನೋಡಿದೆ. ಗಾಡಿಯ ಕುತ್ತಿಗೆಯ ಹತ್ತಿರ ಕಾಗೆ ಗೂಡಿನಂಥದೊಂದು ಇತ್ತು. ಸಣ್ಣ ಕಬ್ಬಿಣದ ತಂತಿಗಳ ಸಿಂಬಿ, ನಡುವೆ ಒಣಗಿದ ಮೆಣಸಿನಕಾಯಿ ತೊಟ್ಟು, ಕರ್ರಗಾದ ನಿಂಬೆ ಸಿಪ್ಪೆ.

ದೃಷ್ಟಿಯ ಸರ. ನಿಂಬೆಹಣ್ಣು, ಹಸಿ ಮೆಣಸಿನಕಾಯಿ, ಇದ್ದಿಲು ಪೋಣಿಸಿ ಈ ಊರಿನಲ್ಲಿ ಮಾರುತ್ತಾರೆ, ಪೋಣಿಸುವುದು ತಂತಿಯಲ್ಲಿ. ಸೊಸೆ ಪ್ರತಿ ಶನಿವಾರ ಹೊಸದು ತಂದು ಗಾಡಿಯ ಮುಂದೆ ಕಟ್ಟುತ್ತಾಳೆ. ಹಳೆಯದನ್ನು ತೆಗೆಯುವ ಪದ್ಧತಿ ನಮ್ಮಲ್ಲಿಲ್ಲ. ಅದು ವಾರದ ಕೆಟ್ಟದ್ದನ್ನೆಲ್ಲ ಕುಡಿದಿರುತ್ತದಂತೆ, ಮನೆಯವರು ಮುಟ್ಟಿದರೆ ಮುಟ್ಟಿದವರಿಗೆ ಹತ್ತುತ್ತದೆ. ಹಣ್ಣು ಒಣಗಿ ರಸ್ತೆಯಲ್ಲಿ ತಾನೇ ಉದುರಬೇಕು. ಹಣ್ಣು ಉದುರುತ್ತಿತ್ತು, ತಂತಿ ಉಳಿಯುತ್ತಿತ್ತು. ಅದರ ಮೇಲೆ ಮುಂದಿನ ವಾರದ್ದು. ಹಾಗೆ ಬೆಳೆದ ಗೂಡಿನಿಂದ ಒಂದು ತುದಿ ಒಳಗೆ ನುಗ್ಗಿ, ಬ್ಯಾಟರಿಯಿಂದ ಬರುವ ಕೆಂಪು ವೈರಿನ ತೊಗಟೆ ತಿಂದುಬಿಟ್ಟಿತ್ತು. ಹ್ಯಾಂಡಲ್ ಬಲಕ್ಕೆ ಪೂರಾ ಹೊರಳಿದಾಗ ಒಳಗಿನ ತಾಮ್ರಕ್ಕೆ ಚುಚ್ಚಿ ಕರೆಂಟನ್ನು ಗಾಡಿಯ ಕಬ್ಬಿಣಕ್ಕೆ ಹರಿಸುತ್ತಿತ್ತು.

"ಪಕ್ಕಡ್ ಐತಲ್ಲ, ಕತ್ತರಿಸು," ಅಂದೆ.

ಅವಳು ಇಕ್ಕಳ ಹಿಡಿದು ಹಾಗೇ ಕೂತಳು. "ಆಯಿ, ಇದನ್ನ ಹೆಂಗ ಮುಟ್ಟಲಿ?"

ಪದವಿ ಮಾಡಿದವಳು, ಕಂಪ್ಯೂಟರಿನ ಮುಂದೆ ಕೂರುವವಳು. ನಗಬೇಕೆಂದರೆ ನನ್ನ ಕೈಯೂ ಮುಂದೆ ಹೋಗಲಿಲ್ಲ. ಅಷ್ಟರಲ್ಲಿ ಸೊಸೆ ಕೈಚೀಲ ಹಿಡಿದು ಗೇಟಿನೊಳಗೆ ಬಂದಳು. ಚೀಲದ ಬಾಯಿಂದ ಹೊಸ ಸರ ಇಣುಕುತ್ತಿತ್ತು.

ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಬಸ್ಸನ್ನೂ ಹೊಗೆಯನ್ನೂ ಹೇಳಿಬಿಟ್ಟೆ. ಸೊಸೆ ಗೋಡೆ ಹಿಡಿದು ಕೂತಳು.

"ಬಸ್ಸು ಅಲ್ಲೇ ನಿಂತಿದ್ದು ಈ ಸರದಿಂದನ ಅತ್ತಿ. ಅದನ್ನ ತೆಗೀಬ್ಯಾಡ್ರಿ, ನಿಮ್ಮ ಕಾಲ ಬೀಳ್ತೀನಿ."

"ಗಾಡಿ ನಿಂತಿದ್ದು ಈ ಸರದಿಂದ. ಬಸ್ಸು ನಿಂತಿದ್ದು ಬ್ರೇಕಿನಿಂದ. ಇಲ್ಲಿ ಬಾ, ನೋಡು."

ಮೊಮ್ಮಗಳು ಅವಳಿಗೆ ಬಲ್ಬ್ ತೋರಿಸಿದಳು. ನಾನು ಹ್ಯಾಂಡಲ್ ತಿರುಗಿಸಿದೆ. ಉರಿಯಿತು, ಆರಿತು, ಉರಿಯಿತು. ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ನೋಡಿದಳು. ಗಂಡ ದೂರ ಇರುವಾಗ ಮಗಳಿಗೇನಾದರೂ ಆದರೆ ಎಲ್ಲರೂ ಬೆರಳು ತೋರಿಸುವುದು ಅವಳ ಕಡೆಗೇ. ಅದು ನನಗೆ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳೇ ಕೈ ಚಾಚಿದಳು.

"ಕೊಡು ಇಲ್ಲಿ. ಕಟ್ಟಿದಾಕಿ ನಾನು. ಏನರ ಹತ್ತೂದಿದ್ರ ನನಗ ಹತ್ತಲಿ."

"ಬ್ಯಾಡವ್ವ, ಗಾಡಿ ಓಡಸಾಕಿ ನಾನು," ಅಂದಳು ಮಗಳು.

"ಇಬ್ಬರೂ ಸುಮ್ಮನಿರ್ರಿ," ಅಂದೆ. "ನನ್ನೊಳಗ ತಿನ್ನಾಕ ಏನೈತಿ? ಹಲ್ಲಿಲ್ಲ, ಕಣ್ಣಿಲ್ಲ. ಬಂದ ಪೀಡೆ ಉಪವಾಸ ಹೋಗ್ತೈತಿ."

ಮೊಮ್ಮಗಳಿಗೆ ನಗು ಬಂತು. ಸೊಸೆಗೆ ಬರಲಿಲ್ಲ. ನಾನು ಇಕ್ಕಳ ತೆಗೆದುಕೊಂಡು ಒಂದೊಂದೇ ತಂತಿ ಕತ್ತರಿಸಿ ಹಳೆಯ ಪೇಪರಿನ ಮೇಲೆ ಹಾಕಿದೆ. ಮಾತು ದೊಡ್ಡದಾಡಿದ್ದೆ, ಆದರೆ ಒಂದೂ ತಂತಿಯನ್ನು ಬೆರಳಿಂದ ಮುಟ್ಟಲಿಲ್ಲ. ಕೊನೆಯ ತುದಿ ಹೊರಬಂದ ಮೇಲೆ ಕೈ ತೊಳೆದೆ, ಮತ್ತೆ ತೊಳೆದೆ. ಸೊಸೆ ಹೊಸ ಸರವನ್ನು ಮನೆಯ ಬಾಗಿಲಿಗೆ ಕಟ್ಟಿದಳು. ಅದಕ್ಕೆ ನನ್ನದೇನೂ ತಕರಾರಿಲ್ಲ.

ಮೊಮ್ಮಗಳು ಅಂಗಡಿಯಿಂದ ಹೊಸ ವೈರು, ಟೇಪು, ನಿಜವಾದ ಫ್ಯೂಜ್ ತಂದಳು. ಸುಟ್ಟ ವೈರು ಕಿತ್ತು ಹೊಸದನ್ನು ಎಳೆದು ಕೂಡಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ನಿಂತಲ್ಲೇ ಹ್ಯಾಂಡಲ್ ಎಲ್ಲ ಕಡೆ ತಿರುಗಿಸಿ ತೋರಿಸಿದಳು. ಇಂಜಿನ್ ನಿಲ್ಲಲಿಲ್ಲ.

"ನಿಂತಲ್ಲಿ ಯಾರು ಸಾಯ್ತಾರ? ರಸ್ತಾದಾಗ ತೋರಸು," ಅಂದೆ.

"ಹಂಗಾದ್ರ ಕುಂದರು ಹಿಂದ."

ಸೊಸೆ ತಾನು ಬರುತ್ತೇನೆ ಅಂದಳು. ಆದರೆ ಗೇಟಿನ ತನಕ ಬಂದು ಅಲ್ಲೇ ನಿಂತಳು. ನಾನು ಕೂತೆ. ಸೋಮವಾರ ಆ ಹುಡುಗಿ ಒಬ್ಬಳೇ ಇದೇ ಗಾಡಿಯ ಮೇಲೆ ಹೋಗಬೇಕು. ನಿಲ್ಲುವುದಿದ್ದರೆ ನಾನು ಮೇಲಿರುವಾಗಲೇ ನಿಲ್ಲಲಿ ಅನ್ನಿಸಿತು. ಪ್ರೀತಿ ಗೀತಿ ಅಲ್ಲ. ಮನೆಯಲ್ಲಿ ಕೂತು ಕಾಯುವುದು ಇದಕ್ಕಿಂತ ಹೆಚ್ಚಿನ ಭಯ.

ದೊಡ್ಡ ರಸ್ತೆಗೆ ಬಂದೆವು. ಲಾರಿಗಳಿದ್ದವು, ಬಸ್ಸುಗಳಿದ್ದವು. ಯೂ ಟರ್ನ್ ಬಂದಾಗ ನನ್ನ ಬೆರಳು ಅವಳ ಪಕ್ಕೆಯಲ್ಲಿ ಹೂತುಹೋದವು.

"ಆಯಿ, ನೋವಾಗ್ತತಿ. ಹಾರ್ನ್ ಒತ್ತಿ ಹಿಡೀತೀನಿ. ಅದು ಕೂಗೂ ತನಾ ಕರೆಂಟ್ ಐತಿ ಅಂತ ತಿಳಕೋ."

ಒತ್ತಿದಳು. ಹ್ಯಾಂಡಲ್ ಬಲಕ್ಕೆ ಹೊರಳಿತು, ಪೂರಾ ಹೊರಳಿತು. ಎಡದಿಂದ ಒಂದು ಲಾರಿ ಬರುತ್ತಿತ್ತು. ನಾನು ಅದನ್ನು ನೋಡಲಿಲ್ಲ, ಹಾರ್ನಿಗೆ ಕಿವಿ ಕೊಟ್ಟು ಕೂತೆ. ಅದು ಕೂಗುತ್ತಲೇ ಇತ್ತು. ಪಕ್ಕದ ಆಟೋದವನು ಕತ್ತು ಚಾಚಿ, "ಏಂದಮ್ಮಾ ಆ ಹಾರನ್, ಚೆವುಲು ಪೋತುನ್ನಾಯಿ," ಅಂತ ಗದರಿದ. ಕಿವಿ ಹೋಗುತ್ತಿವೆಯಂತೆ.

ನಾವು ಆಚೆ ದಡ ಸೇರಿದ್ದೆವು. ಅವಳು ಹಾರ್ನಿನಿಂದ ಬೆರಳು ತೆಗೆಯಲು ಹೋದಳು.

"ಬಿಡಬ್ಯಾಡ," ಅಂದೆ. "ಇನ್ನೊಂದು ಸಲ ಹೊಳ್ಳಸು."