ಚೀಟಿಯಿಲ್ಲದ ಡಬ್ಬಿಗಳು

ಅಡುಗೆ ಮುಗಿಸಿ, ಮಡಿಯಲ್ಲೇ ಡಬ್ಬಿಗಳನ್ನು ಒರೆಸುತ್ತಿದ್ದೆ. ಉಪ್ಪಿನದೂ ಸಕ್ಕರೆಯದೂ ಎರಡೂ ಕೈಯಲ್ಲಿದ್ದವು. ಆಗಲೇ ಮಿಲ್ಲಿನ ಜವಾನ ಹುಸೇನಪ್ಪ ಅಂಗಳದಲ್ಲಿ ನಿಂತು, "ಅಮ್ಮಾರ, ಪತ್ತಿಕೊಂಡದಾಗ ಚೀಟಿಮ್ಯಾಲಿನ ಹೆಸರೆಲ್ಲ ಕಲಸಿ ಬಂದಾವಂತ್ರಿ. ಹೈದರಾಬಾದಿನ ಮನುಷ್ಯಾನ್ನ ಕರಸ್ತೀನಂತಾರ ಸಾಹುಕಾರ್ರು. ನಮ್ಮ ಸಾರ್ ಅವರ ಕುರ್ಚಿ ಉಳಿಯೋದು ಕಷ್ಟ ಐತಿ" ಅಂದ. ಡಬ್ಬಿಗಳನ್ನು ಅಲ್ಲೇ ನೆಲಕ್ಕಿಟ್ಟೆ.

ನಮ್ಮನೆಯವರು ಆದೋನಿಯ ಹತ್ತಿ ಮಿಲ್ಲಿನಲ್ಲಿ ಗುಮಾಸ್ತರು. ಎಂಬತ್ತರ ದಶಕ ಮುಗಿಯುತ್ತ ಬಂದಾಗ ಮಿಲ್ಲಿಗೆ ಕಂಪ್ಯೂಟರ್ ಬಂತು. ಕರ್ನೂಲಿನಲ್ಲಿ ಮೂರು ತಿಂಗಳು ಕಲಿತು ಬಂದ ಪುಣ್ಯಕ್ಕೆ ಅದರ ಮುಂದಿನ ಕುರ್ಚಿ ಇವರಿಗೆ ಸಿಕ್ಕಿತು. ಹತ್ತಿ ತಂದ ರೈತನಿಗೆ ತೂಕದ ಚೀಟಿಯನ್ನು ಅವನು ಓದುವ ಲಿಪಿಯಲ್ಲೇ ಕೊಡಬೇಕು. ಕೋಸಗಿ ಕಡೆಯವರಿಗೆ ಕನ್ನಡ, ಆಸ್ಪರಿಯವರಿಗೆ ತೆಲುಗು. ಆದರೆ ಯಂತ್ರಕ್ಕೆ ಅಕ್ಷರವೇ ಬಾರದು, ಬರುವುದು ಅಂಕಿ ಮಾತ್ರ. ಯಾವ ಅಕ್ಷರಕ್ಕೆ ಯಾವ ಅಂಕಿ ಎಂದು ನಾವೇ ಮೊದಲು ಗೊತ್ತುಮಾಡಿ ಕೊಡಬೇಕು. ಅಷ್ಟು ದುಬಾರಿ ವಸ್ತು ಒಂದನೇ ಇಯತ್ತೆಯ ಹುಡುಗಿಗಿಂತ ಹಿಂದೆ ಎಂದು ತಿಳಿದು ನನಗೇನೋ ಸಮಾಧಾನವಾಯಿತು.

ಸರ್ಕಾರದವರು ಎಲ್ಲ ಭಾಷೆಗೂ ಹೊಂದುವ ಒಂದು ಪಟ್ಟಿ ಮಾಡಿದ್ದರಂತೆ. ಅದರಲ್ಲಿ ತೆಲುಗಿನ ಕಕಾರಕ್ಕೂ ಕನ್ನಡದ ಕಕಾರಕ್ಕೂ ಒಂದೇ ಅಂಕಿ. ಇವರಿಗೆ ಹಿಡಿಸಲಿಲ್ಲ. ಅಕಾರಕ್ಕೆ ಒಂದು, ಆಕಾರಕ್ಕೆ ಎರಡು ಎಂದು ಸ್ವಂತ ಪಟ್ಟಿ ಕಟ್ಟಿದರು. ತೆಲುಗಿಗೆ ಬೇರೆ ಸಾಲು. ಕೆಂಪು ಶಾಯಿಯ ಗೆರೆ ಎಳೆದ ಆ ಹಾಳೆಯನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದವಳು ನಾನೇ. ಆದೋನಿಯಲ್ಲಿ ಅದು ಚೆನ್ನಾಗಿಯೇ ನಡೆಯಿತು. ಮಿಲ್ಲಿನ ಪತ್ತಿಕೊಂಡದ ಶಾಖೆಗೆ ಬಂದ ಹೊಸ ಯಂತ್ರಕ್ಕೆ ಮಾತ್ರ ಸರ್ಕಾರದ ಪಟ್ಟಿಯೇ ಗೊತ್ತು; ಇಲ್ಲಿಂದ ಹೋದ ಅಂಕಿಗಳನ್ನು ಅದು ಆ ಪಟ್ಟಿಯಂತೆಯೇ ಓದಿತು. ಕುಂಕುಮದ ಮರ್ಯಾದೆ ಅದಕ್ಕೇನು ತಿಳಿದೀತು!

ಮಧ್ಯಾಹ್ನ ಊಟಕ್ಕೆ ಬಂದ ಇವರು ತಟ್ಟೆಯ ಮುಂದೆ ಕುಳಿತು ಅನ್ನ ಮುಟ್ಟಲಿಲ್ಲ. "ನನ್ನ ಪಟ್ಟ್ಯಾಗ ಒಂದು ತಪ್ಪಿಲ್ಲವ್ವಾ" ಎಂದರು ತಾಯಿಗೆ.

ಅತ್ತೆಯವರು ನನ್ನ ಕಡೆ ನೋಡಿದರು. ನೋಟದ ಅರ್ಥ ನನಗೆ ಗೊತ್ತಿತ್ತು. ನಮ್ಮ ಮಡಿ ಡಬ್ಬಿಗಳಿಗೆ ಚೀಟಿ ಅಂಟಿಸುವಂತಿಲ್ಲ. ಚೀಟಿಗೆ ಹಚ್ಚುವ ಅನ್ನದ ಅಂಟು ತಾಗಿದರೆ ಮುಸುರೆ, ಮಡಿ ಕೆಟ್ಟಂತೆ. ಹೀಗಾಗಿ ಎಲ್ಲ ಡಬ್ಬಿಯೂ ಒಂದೇ ಥರ, ಸಾಲೇ ಗುರುತು. ಅತ್ತೆಯವರ ಸಾಲಿನಲ್ಲಿ ಮೊದಲು ಉಪ್ಪು, ಆಮೇಲೆ ಸಕ್ಕರೆ. ಬಳ್ಳಾರಿಯ ನನ್ನ ತವರಿನಲ್ಲಿ ಸಕ್ಕರೆ ಮೊದಲು. ಮದುವೆಯಾದ ಹೊಸದರಲ್ಲಿ, ಒಂದು ದ್ವಾದಶಿಯ ಹಿಂದಿನ ದಿನ, ಯಾರೂ ಹೇಳದಿದ್ದರೂ ನಾನು ತವರಿನ ಸಾಲಿನಂತೆ ಅಂದವಾಗಿ ಜೋಡಿಸಿಟ್ಟೆ. ಬೆಳಗಿನ ಮಬ್ಬಿನಲ್ಲಿ ಅತ್ತೆಯವರು ಕೈ ರೂಢಿಯಿಂದ ಪಾಯಸ ಮಾಡಿದರು. ನೈವೇದ್ಯಕ್ಕೆ ಮುಂಚೆ ರುಚಿ ನೋಡುವಂತಿಲ್ಲವಲ್ಲ. ಉಪ್ಪಿನ ಪಾಯಸ ಮೊದಲು ಶ್ರೀಹರಿಗೇ ಹೋಯಿತು. ಅವನು ತುಟಿ ಬಿಚ್ಚಲಿಲ್ಲ. ಪಂಕ್ತಿಗೆ ಕುಳಿತ ಆಚಾರ್ಯರಿಗೆ ಅಷ್ಟು ಸಹನೆ ಇರಲಿಲ್ಲ.

ಇಷ್ಟು ವರ್ಷದಲ್ಲಿ ಅತ್ತೆಯವರು ಅದನ್ನು ಎತ್ತಿ ಆಡಿದವರಲ್ಲ. ಅಂದು ಮಗನಿಗೆ ಮೆಲ್ಲಗೆ ಹೇಳಿದರು: "ಆಕಿ ಸಾಲಿನಾಗೂ ತಪ್ಪಿರಲಿಲ್ಲಪಾ. ಆದರ ಕೈ ನಂದಿತ್ತು."

ಇವರು ನಕ್ಕು, ಅನ್ನ ಕಲಸಿದರು. ಊಟ ಮಾಡಿ ಹೋಗಿ, ಸರ್ಕಾರದ ಪಟ್ಟಿಯನ್ನೇ ಹಿಡಿಯುತ್ತೇನೆ, ಹೆಸರುಗಳನ್ನೆಲ್ಲ ನಾನೇ ಮೊದಲಿಂದ ಬರೆದು ಯಂತ್ರಕ್ಕೆ ಹಾಕುತ್ತೇನೆ ಎಂದು ಸಾಹುಕಾರರನ್ನು ಒಪ್ಪಿಸಿದರಂತೆ. ಬರೆಯುವ ಕೆಲಸ ತಪ್ಪಲೆಂದು ತಂದ ಯಂತ್ರ! ಹುಸೇನಪ್ಪ ಮತ್ತೆ ಬಂದು, "ಕುರ್ಚಿ ಉಳೀತ್ರಿ ಅಮ್ಮಾರ. ಹೊಸ ಹತ್ತಿ ಬರೋದ್ರೊಳಗ ಮುಗಸಬೇಕಂತ" ಅಂದ. ಕುರ್ಚಿಯೂ ಉಳಿಯಿತು, ಸುಗ್ಗಿಗೆ ಇನ್ನೂ ಎರಡು ತಿಂಗಳಿತ್ತು. ದೇವರು ದೊಡ್ಡವನು.

ಒಳಗೆ ಬಂದರೆ, ನೆಲದ ಮೇಲೆ ಆ ಎರಡು ಡಬ್ಬಿ. ಯಾವುದು ಯಾವ ಕೈಯಲ್ಲಿತ್ತು? ಪುಡಿ ಉಪ್ಪು, ಸಣ್ಣ ಸಕ್ಕರೆ; ನನ್ನ ಕಣ್ಣಿಗೆ ಎರಡೂ ಬಿಳುಪು. ನಾಲಿಗೆಗೆ ಹಚ್ಚುವಂತಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಒಂದೊಂದು ಚಿಟಿಕೆ ಬೇರೆ ಬೇರೆ ಇಟ್ಟು, ಇರುವೆಗಳು ಬಂದು ಹೇಳುವವರೆಗೆ, ಸಂಜೆಯ ಅಕ್ಕಿ ಆರಿಸುತ್ತ ಕುಳಿತೆ.