ಹಸೀನಾ ತಂದಿರದ ಬಾಟಲಿಗಳು

ಆ ವೈನ್ ಬಾಟಲಿಗಳು ನನ್ನವು, ಹಸೀನಾ. ತರಿಸಿದವಳು ನಾನು, ಕುಡಿದವಳೂ ನಾನು. ಅವನ್ನು ತಂದವಳು ನೀನು ಎಂದು ನಾನು ಎಲ್ಲರ ಮುಂದೆ ಹೇಳಿದ್ದು ಸುಳ್ಳು — ಬಾಯಿ ತಪ್ಪಿ ಬಂದದ್ದಲ್ಲ, ತಿಳಿದೇ ಹೇಳಿದ ಸುಳ್ಳು.

ಕುಡಿದದ್ದಕ್ಕೆ ನನಗೆ ನಾಚಿಕೆಯಿಲ್ಲ. ಇಂಡಿ ತಾಲ್ಲೂಕಿನ ನಮ್ಮ ತೋಟದಲ್ಲಿ ವೈನಿಗೆಂದೇ ದ್ರಾಕ್ಷಿ ಬೆಳೆಯುತ್ತೇವೆ. ಅದನ್ನು ಮಾರಿ ಮನೆ ಕಟ್ಟಬಹುದು, ಮದುವೆ ಮಾಡಬಹುದು. ಅದೇ ದ್ರಾಕ್ಷಿ ಗ್ಲಾಸಿನಲ್ಲಿ ಮನೆಯ ಹೆಂಗಸಿನ ಕೈಗೆ ಬಂದರೆ ಮಾತ್ರ ಮರ್ಯಾದೆ ಹೋಗುತ್ತದೆ — ಇದನ್ನು ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ.

ವೈನ್ ಕಾರ್ಖಾನೆಯವರು ಬೆಳೆಗಾರರ ಮನೆಯವರನ್ನು ಕರೆದು ರುಚಿ ತೋರಿಸಿದ ದಿನ, ಜೊತೆಗಿಟ್ಟಿದ್ದ ಸಪ್ಪೆ ಮೇಯನೇಸ್ ನನಗೆ ಹಿಡಿಸಲಿಲ್ಲ. ನಮ್ಮ ಚಟ್ನಿಗಳನ್ನಿಟ್ಟರೆ ಹೇಗಿರುತ್ತದೆ ಎಂಬ ಹುಚ್ಚು ಹತ್ತಿತು. ನೀನು ಪಕ್ಕದ ಓಣಿಯ ಗೆಳತಿ, ಮದುವೆ ಮನೆಗಳಿಗೆ ಚಟ್ನಿ ಮಾಡಿಕೊಟ್ಟು ಹೆಸರಾದವಳು. ನಿನ್ನನ್ನೇ ಕರೆದೆ.

"ನಾ ಅದನ್ನ ಮುಟ್ಟಂಗಿಲ್ಲ ನೋಡ್ ಗಿರಿಜಾ. ನೀ ಕುಡದು ಹೆಂಗೈತಿ ಹೇಳು, ಉಪ್ಪು ಖಾರ ನಾ ನೋಡ್ಕೋತೇನಿ," ಎಂದಿದ್ದೆ ನೀನು.

ಹಸಿ ಕೆಂಪು ಮೆಣಸಿನಕಾಯಿ ಅರೆದ ರಂಜಕ ಚಟ್ನಿಯ ಜೊತೆ ಕೆಂಪು ವೈನ್ ಕುಡಿದರೆ ಬಾಯೆಲ್ಲ ಉರಿದು ಒಗರಾಯಿತು. ಸಿಹಿಯಾದ ಬಿಳಿ ವೈನ್ ಅದೇ ಖಾರವನ್ನು ತಣಿಸಿತು. ಹುಳಿ ಹೆಚ್ಚಿದ್ದ ಬಿಳಿ ವೈನಿಗೆ, ನೀರು ಬಸಿದ ಗಟ್ಟಿ ಮೊಸರಿನಲ್ಲಿ ಸವತೆಕಾಯಿ, ಬೆಳ್ಳುಳ್ಳಿ. ಕೆಂಪಿಗೆ ಸುಟ್ಟ ಬದನೆಕಾಯಿ, ಎಣ್ಣೆ ಬಿಡುವವರೆಗೆ ಅರೆದ ಶೇಂಗಾ. ಪ್ರತಿ ಗುಟುಕಿಗೂ ನನ್ನ ಮುಖ ನೋಡಿ, ಬಟ್ಟಲು ಎಳೆದುಕೊಂಡು ಇನ್ನಷ್ಟು ನಿಂಬೆ ಹಿಂಡುತ್ತಿದ್ದೆ ನೀನು. ಅಷ್ಟು ನಕ್ಕ ಮಧ್ಯಾಹ್ನಗಳು ನನಗೆ ಮತ್ತೆ —

ಒಂದು ಭಾನುವಾರ ಗೆಳತಿಯರನ್ನು ತೋಟದ ಮನೆಗೆ ಊಟಕ್ಕೆ ಕರೆದೆ. ಕಟಕ ರೊಟ್ಟಿ ಮುರಿದು ಚಟ್ನಿಗೆ ಅದ್ದುತ್ತ ಎಲ್ಲರೂ ಹರಟುತ್ತಿದ್ದಾಗ ನನ್ನ ಗಂಡನ ಅಣ್ಣ ಒಳಗೆ ಬಂದರು. ಮೇಜಿನ ಮೇಲಿನ ಬಾಟಲಿಗಳನ್ನು ನೋಡಿದರು.

"ಯಾರ್ ತಂದಾರವ್ವಾ ಇವನ್ನ?"

"ಹಸೀನಾ ತಂದಾಳ್ರಿ," ಎಂದೆ ನಾನು.

ನೀನು ಮೊಸರಿನ ಬಟ್ಟಲು ಹಿಡಿದು ಅಲ್ಲೇ ನಿಂತಿದ್ದೆ. ನನ್ನನ್ನೇ ನೋಡಿದೆ. ನಾನು ಆ ಮಾತನ್ನು ಹಿಂತೆಗೆದುಕೊಳ್ಳಲೆಂದು ಕಾದೆಯೇನೋ. ಆಮೇಲೆ ಬಟ್ಟಲು ಕೆಳಗಿಟ್ಟು ಹೊರಟುಹೋದೆ. ಹೊರಗಿನವಳ ತಪ್ಪನ್ನು ನಮ್ಮ ಮನೆ ಬೇಗ ನಂಬುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ನಿನ್ನ ಹೆಸರು ಹೇಳಿದೆ.

ಸುದ್ದಿ ನಿನಗಿಂತ ಮೊದಲು ನಿನ್ನ ಮನೆ ಮುಟ್ಟಿತು. ನಿಮ್ಮ ಅಣ್ಣ ನಿನ್ನ ಮಾತು ಕೇಳಲಿಲ್ಲವಂತೆ. ಮದುವೆ ಮನೆಯವರು ಕರೆಯುವುದನ್ನು ಬಿಟ್ಟರು. ನೀನು ಅಕ್ಕನಿರುವ ಕೊಲ್ಹಾರಕ್ಕೆ ಹೋದೆ. ನಾನು ನಿಜ ಹೇಳಿದ್ದರೆ ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಿದ್ದರೇ? ಇಲ್ಲ. ನಾಲ್ಕು ದಿನ ಬೈಯುತ್ತಿದ್ದರು. ಅಷ್ಟಕ್ಕೇ ಹೆದರಿದೆ.

ಈ ವರ್ಷ ಅದೇ ಕಾರ್ಖಾನೆಯವರು ರುಚಿ ತೋರಿಸುವ ದಿನ ವೈನಿನ ಜೊತೆ ಇಡಲು ನನ್ನಿಂದ ಚಟ್ನಿ ಮಾಡಿಸಿದರು. ಅಂದು ಅದೇ ಭಾವ ಗ್ಲಾಸು ಹಿಡಿದು, "ನಮ್ಮ ತ್ವಾಟದ ದ್ರಾಕ್ಷಿ, ನಮ್ಮ ಮನಿ ಚಟ್ನಿ," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಚಟ್ನಿ ನಮ್ಮ ಮನಿದಲ್ರಿ, ಹಸೀನಾಂದು," ಎಂದೆ. "ಅವತ್ತು ಬಾಟಲಿ ತಂದಾಕಿ ನಾನು. ಅಕಿ ಮ್ಯಾಲ ಸುಳ್ಳು ಹೇಳೇನಿ."

ಭಾವ ಗ್ಲಾಸು ಕೆಳಗಿಟ್ಟರು. "ಮುಗದದ್ದನ್ನ ಮಂದಿ ಮುಂದ ಯಾಕ ತಗೀತಿ?"

"ಸುಳ್ಳೂ ಮಂದಿ ಮುಂದನ ಹೇಳಿದ್ದೆರಿ."

ಮರುದಿನ ನಿನಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ನೀನು ಹೇಳಿದ್ದು ಒಂದೇ ಮಾತು: "ನಂಗ ಅದು ಅವತ್ತು ಬೇಕಾಗಿತ್ತು, ಗಿರಿಜಾ."

ನಾನು ಕ್ಷಮೆ ಕೇಳಲಿಲ್ಲ. ಈಗಲೂ ಕೇಳುತ್ತಿಲ್ಲ. ಅವತ್ತು ಊಟಕ್ಕೆ ಬಂದಿದ್ದವರ ಮನೆಗಳಿಗೆ ಒಂದೊಂದಾಗಿ ಹೋಗಿ ಹೇಳುತ್ತಿದ್ದೇನೆ. ಮನೆಯಲ್ಲಿ ನನ್ನೊಡನೆ ಯಾರೂ ಮಾತಾಡುತ್ತಿಲ್ಲ, ಮಾತಾಡದಿರಲಿ. ನಾಳೆ ನಿಮ್ಮ ಅಣ್ಣನ ಮನೆಗೆ ಹೋಗುತ್ತೇನೆ. ಬಾಗಿಲು ತೆರೆಯದಿದ್ದರೆ ಓಣಿಯಲ್ಲೇ ನಿಂತು ಹೇಳುತ್ತೇನೆ.